ಚಕ್ರ ಬಿಚ್ಚಿದ ಭಾನುವಾರ

ಕಾರಿನ ಮುಕ್ಕಾಲು ಸದ್ದುಗಳನ್ನು ಹಾಡಿನ ವಾಲ್ಯೂಮ್ ಏರಿಸಿಯೇ ರಿಪೇರಿ ಮಾಡಿಬಿಡಬಹುದು. ಡ್ಯಾಶ್‌ಬೋರ್ಡಿನ ಟಕಟಕ, ಹಿಂದಿನ ಸೀಟಿನ ಕಿರಿಕಿರಿ, ಸೈಲೆನ್ಸರಿನ ಗೊಣಗಾಟ ಎಲ್ಲಕ್ಕೂ ಅದು ರಾಮಬಾಣ. ಬ್ರೇಕಿನ ಸದ್ದಿಗೆ ಮಾತ್ರ ಈ ಮದ್ದು ಕೊಟ್ಟು ನೋಡುವ ಧೈರ್ಯ ನನಗಿಲ್ಲ. ಅದರಲ್ಲೂ ಶಿವಮೊಗ್ಗದಿಂದ ಹೊರಟು, ಆಗುಂಬೆಯ 14 ತಿರುವುಗಳನ್ನು ಇಳಿದು ಉಡುಪಿಯ ಮದುವೆಗೆ ಹೋಗುವುದಿರುವಾಗ.

ಮುಂದಿನ ಎಡಚಕ್ರ ಗರಗರ ಅನ್ನತೊಡಗಿದ್ದೇ ತಡ, ಮನೆಯಲ್ಲಿ ವೈದ್ಯರ ಸಭೆ ಸೇರಿತು. ನಮ್ಮ ಮಾವನವರ ಪ್ರಕಾರ ಜಗತ್ತಿನ ಸಕಲ ರೋಗಕ್ಕೂ ವಾಯುವೇ ಮೂಲ. ಮಂಡಿ ಹಿಡಿದರೆ ವಾಯು, ಫ್ರಿಜ್ ಗುರ್ ಅಂದರೂ ವಾಯು. "ಎಲ್ಲೋ ಗಾಳಿ ಸೇರ್ಕೊಂಡಿದೆ, ನೋಡಿಸಿ" ಎಂದರು. ಎದುರು ಮನೆಯವರು ನಿವೃತ್ತ ಬಸ್ ಡ್ರೈವರ್. ಅವರಿಗೆ ಈ ಮಾತು ಹಿಡಿಸಲಿಲ್ಲ. ಬಸ್ಸಿನ ಬ್ರೇಕು ಹಿಡಿಯುವುದೇ ಗಾಳಿಯ ಒತ್ತಡದಿಂದ. ಗಾಳಿ ಇಲ್ಲದಿದ್ದರೇ ಕಾಯಿಲೆ ಎಂದು ಅವರ ವಾದ. ಇಬ್ಬರದೂ ಸರಿಯೇ. ನಮ್ಮ ಪುಟ್ಟ ಕಾರಿನಲ್ಲಿ ಕೆಲಸ ಮಾಡುವುದು ಬ್ರೇಕ್ ಆಯಿಲ್. ಅದರ ಪೈಪಿನೊಳಗೆ ಗಾಳಿ ಹೊಕ್ಕರೆ ಪೆಡಲ್ಲು ಮೆತ್ತಗಾಗಿ ಕುಸಿಯುತ್ತದೆ. ಆದರೆ ವಾಯುವಿಗೆ ಗರಗರ ಅನ್ನುವ ಅಭ್ಯಾಸವಿಲ್ಲ ಎಂದು ಮಾವನವರಿಗೆ ಹೇಳುವವರು ಯಾರು?

ಸದ್ದಿಗೂ ನಾಡಿ ಉಂಟು. ಮಳೆಗಾಲದ ಬೆಳಿಗ್ಗೆ ಕಾರು ತೆಗೆದ ಕೂಡಲೇ ಒರಟಾಗಿ ಕೆರೆದು, ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ನಿಂತುಹೋದರೆ ಅದು ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿಗೆ ರಾತ್ರಿ ಹಿಡಿದ ತುಕ್ಕು. ಮಲೆನಾಡಿನಲ್ಲಿ ಅದು ನೆಗಡಿಯ ಲೆಕ್ಕ. ಬ್ರೇಕ್ ಮುಟ್ಟದೆ ಇದ್ದಾಗಲೂ ಕರಕರ ಅನ್ನುತ್ತಿದ್ದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿಕಲ್ಲು ಸಿಕ್ಕಿರಬಹುದು. ನಮ್ಮ ರಸ್ತೆಗೆ ಡಾಂಬರು ಬರುವ ಮುಂಚೆ ಜಲ್ಲಿ ಬಂದು, ಎರಡರ ಮಧ್ಯೆ ಒಂದು ಚುನಾವಣೆಯೂ ಬಂದುಹೋಗುವುದರಿಂದ ಈ ಕಲ್ಲಿನ ಮೇಲೆ ನನಗೆ ಮೊದಲು ಅನುಮಾನವಿತ್ತು. ಒತ್ತಿದಾಗ ಮಾತ್ರ ಸದ್ದು ಎಂದಾದರೆ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡಿನ ಕಥೆ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕೀಂಯ್ ಅನ್ನಲೆಂದೇ ಒಂದು ಲೋಹದ ನಾಲಿಗೆ ಇಟ್ಟಿರುತ್ತಾರೆ. ಅದು ಮರ್ಯಾದೆಯ ಎಚ್ಚರಿಕೆ. ಕೇಳದಿದ್ದವರಿಗೆ ಕೀಂಯ್ ಹೋಗಿ ಗರ್ರ್ ಬರುತ್ತದೆ: ಪ್ಯಾಡಿನ ಹಿಂಬದಿಯ ಉಕ್ಕು ನೇರವಾಗಿ ಡಿಸ್ಕನ್ನೇ ತಿನ್ನುವ ಸದ್ದು. ನಮ್ಮದು ಒತ್ತಿದಾಗ ಮಾತ್ರ ಗರಗರ.

ಭಾನುವಾರ ಬೆಳಿಗ್ಗೆ ಜಾಕ್ ಈಚೆಗೆ ತಂದೆ. ನಮ್ಮ ಬೀದಿಯಲ್ಲಿ ಯಾರೋ ಮರದಿಂದ ಬಿದ್ದರೂ ಇಷ್ಟು ಜನ ಸೇರುವುದಿಲ್ಲ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿದೆ. ಎತ್ತಿದ ಮೇಲೆ ಸಡಿಲಿಸಹೋದರೆ ನಟ್ಟಿನ ಬದಲು ಚಕ್ರವೇ ತಿರುಗುತ್ತದೆ. ಬಿಚ್ಚಿದ ಚಕ್ರವನ್ನು ಕಾರಿನಡಿ ಮಲಗಿಸಿದೆ. ಜಾಕ್ ಜಾರಿದರೂ ಕಾರು ಅದರ ಮೇಲೆ ಕೂತುಕೊಳ್ಳಲಿ ಅಂತ. "ಜಾಕ್ ಮೇಲೆ ನಂಬಿಕೆ ಇಲ್ವಾ?" ಎಂದು ಯಾರೋ ಕೇಳಿದರು. ಇಲ್ಲ. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ.

ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದು ಮೇಲಕ್ಕೆತ್ತಿ, ಬ್ರೇಕಿನ ಹೋಸಿಗೆ ಭಾರ ಬೀಳದಂತೆ ತಂತಿಯಲ್ಲಿ ಕಟ್ಟಿದೆ. ಪ್ಯಾಡ್ ಎರಡೂ ಕೈಗೆ ಬಂದವು. ಹೊರಗಿನದರಲ್ಲಿ ಇನ್ನೂ ಸಾಕಷ್ಟು ಜೀವವಿತ್ತು; ಒಳಗಿನದು ಬರೀ ತಗಡು, ಅದೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕ್ಯಾಲಿಪರ್ ಅತ್ತಿತ್ತ ಸರಿಯಬೇಕಾದ ಪಿನ್ನು ಒಣಗಿ ಕಚ್ಚಿಕೊಂಡಿತ್ತು. ಇಬ್ಬರು ಮಾಡಬೇಕಾದ ಕೆಲಸವನ್ನು ಒಳಗಿನವನೊಬ್ಬನೇ ಮಾಡಿ ಸವೆದಿದ್ದ. ಡಿಸ್ಕಿನ ಮೇಲೆ ಉಗುರು ಎಳೆದರೆ ಗೀರುಗಳಲ್ಲಿ ಟಿಕ್ ಟಿಕ್ ಎಂದು ಸಿಕ್ಕಿಕೊಳ್ಳುತ್ತಿತ್ತು. ಎಷ್ಟು ತೆಳುವಾದರೆ ಡಿಸ್ಕನ್ನು ಎಸೆಯಬೇಕು ಎಂಬುದು ಅದರ ಮೇಲೇ ಅಚ್ಚಾಗಿರುತ್ತದೆ. ಅಳೆಯಲು ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ವರ್ನಿಯರ್ ತಂದುಕೊಟ್ಟ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ, ಅವನೀಗ ಫೈನಲ್ ಇಯರ್! ಡಿಸ್ಕು ಲೆಕ್ಕದೊಳಗೇ ಇತ್ತು. ಲೇತಿನಲ್ಲಿ ಮುಖ ಹೊಡೆಸಿ ತಂದೆ.

ಪ್ಯಾಡ್ ಮಾರುವುದು ನಾಲ್ಕರ ಸೆಟ್ಟಿನಲ್ಲಿ. ಹಾಕಬೇಕಾದ್ದೂ ಎರಡೂ ಬದಿಗೆ. ಒಂದೇ ಕಡೆ ಹೊಸದಾದರೆ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ಮಾವನವರು ಒಪ್ಪಲಿಲ್ಲ. "ಎಡಗಾಲು ನೋವಿಗೆ ಬಲಗಾಲಿಗೂ ಎಣ್ಣೆ ಹಚ್ತಾರಾ?" ಹಳೇ ಪ್ಯಾಡನ್ನು ಅಡ್ಡ ಕೊಟ್ಟು ಕ್ಲ್ಯಾಂಪಿನಿಂದ ಕ್ಯಾಲಿಪರಿನ ಪಿಸ್ಟನ್ ಒಳಕ್ಕೆ ತಳ್ಳುತ್ತಿದ್ದಾಗ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಆಯಿಲ್ ಏರತೊಡಗಿತು. ಚೆಲ್ಲಿದರೆ ಬಣ್ಣ ಕಿತ್ತುಬರುವ ಆಯಿಲ್ ಅದು. ಕಾವಲಿಗೆ ಡ್ರೈವರ್ ಸಾಹೇಬರನ್ನೇ ನಿಲ್ಲಿಸಿದೆ. ಒಂದು ಜವಾಬ್ದಾರಿ ಸಿಕ್ಕ ಮೇಲೆ ಅವರ ಸಲಹೆಗಳು ಅರ್ಧಕ್ಕರ್ಧ ಕಡಿಮೆಯಾದವು.

ಪಿನ್ನಿಗೆ ಗ್ರೀಸ್ ಸವರಿ, ಪ್ಯಾಡಿನ ಮುಖಕ್ಕೆ ಅದರ ಸೋಂಕೂ ತಾಗದಂತೆ ಎಲ್ಲ ಜೋಡಿಸಿದ ಮೇಲೆ ಉಳಿದದ್ದು ಪೆಡಲ್ಲು ಒತ್ತುವ ಕೆಲಸ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಪೆಡಲ್ಲು ನೆಲ ಮುಟ್ಟುತ್ತದೆ. ಗಟ್ಟಿಯಾಗುವ ತನಕ ಒತ್ತದೆ ಕಾರು ಹೊರಟರೆ ನಿಲ್ಲಿಸುವುದು ಕಾಂಪೌಂಡು ಗೋಡೆಯೇ. ಒತ್ತಲು ಹೆಂಡತಿಯನ್ನು ಕೂರಿಸಿದೆ. ಅವಳಿಗೆ ಬೇಸರವಾಗದಿರಲಿ ಎಂದು ಬರ್ತಾ ಬೆಂಜ್ ಕಥೆ ಹೇಳಿದೆ. 1888ರಲ್ಲಿ ಆಕೆ ಗಂಡ ಕಾರ್ಲ್‌ನಿಗೆ ಹೇಳದೆ ಅವನು ಕಟ್ಟಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟುಬಿಟ್ಟಳು. ದಾರಿಯಲ್ಲಿ ಮರದ ಬ್ರೇಕು ಸವೆದಾಗ ಚಪ್ಪಲಿ ಹೊಲಿಯುವವನೊಬ್ಬನ ಕೈಲಿ ಅದಕ್ಕೆ ಚರ್ಮ ಹೊಡೆಸಿದಳು. ನನ್ನ ಕೈಲಿದ್ದ ಹಳೇ ಪ್ಯಾಡಿನ ಮೂಲಪುರುಷ ಆ ಚರ್ಮದ ತುಂಡು.

"ಗಂಡ ಜೊತೆಗಿರಲಿಲ್ಲ ಅಲ್ವಾ, ಅದಕ್ಕೇ ರಿಪೇರಿ ಬೇಗ ಮುಗೀತು" ಎಂದಳು ಇವಳು, ಪೆಡಲ್ಲು ಒತ್ತುತ್ತಾ.

ಹೊಸ ಪ್ಯಾಡ್ ಕೂರಲೆಂದು ಕೆಲವು ದಿನ ಮೆತ್ತಗೆ ಬ್ರೇಕ್ ಹಾಕುತ್ತಾ ಓಡಾಡಿದೆ. ಸದ್ದಿಲ್ಲ. ಮದುವೆಯ ದಿನ ಆಗುಂಬೆಯ ಮೊದಲ ತಿರುವಿನಲ್ಲೇ ಎರಡನೇ ಗೇರಿಗೆ ಬಂದು, ಇಂಜಿನ್ನಿನ ಹಿಡಿತದಲ್ಲೇ ಕಾರು ಇಳಿಸತೊಡಗಿದೆ. ಘಾಟಿಯಲ್ಲಿ ಬ್ರೇಕನ್ನೇ ತುಳಿಯುತ್ತಾ ಇಳಿದರೆ ಪ್ಯಾಡು ಕಾದು ಹಿಡಿತ ತಪ್ಪುತ್ತದೆ. ಪಕ್ಕದ ಸೀಟಿನಲ್ಲಿ ಮಾವನವರು ನನ್ನ ಬಲಗಾಲನ್ನೇ ನೋಡುತ್ತಿದ್ದರು. ಆರೇಳು ತಿರುವು ತಡೆದರು.

"ಅಳಿಯಂದ್ರೇ, ನಾಲ್ಕೂ ಪ್ಯಾಡಿಗೆ ದುಡ್ಡು ಸುರಿದಿದ್ದೀರಿ. ಈಗಲೂ ಒತ್ತದೆ ಇನ್ಯಾವಾಗ ಒತ್ತೋದು?"