ಶನಿವಾರ ಎಷ್ಟು ಗಂಟೆಗೆ ಮುಗಿಯುತ್ತದೆ?

ನಮ್ಮ ಭಾವ ಶನಿವಾರ ಮಾಂಸ ಮುಟ್ಟುವುದಿಲ್ಲ. ಉಳಿದ ಆರು ದಿನ ಮಾಂಸ ಅವರನ್ನು ಬಿಡುವುದಿಲ್ಲ. ಆಂಜನೇಯನಿಗೂ ಅವರಿಗೂ ಆಗಿರುವ ಈ ಒಪ್ಪಂದದಿಂದ ಸಕಲೇಶಪುರದಲ್ಲಿ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಕೊರಿಯಾದ ಸೋಲ್ ನಗರದಲ್ಲಿ, ಹೊಂಗ್‌ದೇ ಎಂಬ ಪೇಟೆಯಲ್ಲಿ, ಶನಿವಾರ ರಾತ್ರಿ ಹತ್ತೂವರೆಗೆ. ವಿಶ್ವವಿದ್ಯಾಲಯವೊಂದರ ಸುತ್ತ ಬೆಳೆದ ಪೇಟೆ ಅದು. ಅಲ್ಲಿನ ಹುಡುಗರಿಗೆ ಹತ್ತೂವರೆ ಎಂದರೆ ಇನ್ನೂ ಸಂಜೆ. ಬೀದಿಯುದ್ದಕ್ಕೂ ಮಾಂಸ ಸುಡುವ ಹೋಟೆಲುಗಳು.

“ನೀನು ತಿನ್ನಪ್ಪ, ನಾನು ಸೊಪ್ಪು ತಿಂದ್ಕೊಂಡು ಕೂತಿರ್ತೀನಿ” ಎಂದರು ಭಾವ. ಹಾಗೆಲ್ಲ ಕೂತಿರಲು ಅಲ್ಲಿ ಬಿಡುವುದಿಲ್ಲ. ಇಂಥ ಬಹಳಷ್ಟು ಹೋಟೆಲುಗಳಲ್ಲಿ ಕನಿಷ್ಠ ಎರಡು ಪಾಲು ಹೇಳಲೇಬೇಕು. ಪಾಲೊಂದಕ್ಕೆ ಸಾಮಾನ್ಯವಾಗಿ 150ರಿಂದ 200 ಗ್ರಾಂ ಮಾಂಸ. ಒಬ್ಬ ಮನುಷ್ಯನಿಗಾಗಿ ಒಲೆ ಹಚ್ಚಿದರೆ ಅವರಿಗೆ ಗಿಟ್ಟುವುದಿಲ್ಲ. ಹೀಗಾಗಿ ಆ ರಾತ್ರಿ ಭಾವ ವ್ರತದ ಪ್ರಕಾರ ಸಸ್ಯಾಹಾರಿ, ಬಿಲ್ಲಿನ ಪ್ರಕಾರ ಮಾಂಸಾಹಾರಿ.

ಮೇಜಿನ ನಡುವೆ ಇಳಿಜಾರಾಗಿ ಕೂರಿಸಿದ ಕಬ್ಬಿಣದ ಕಾವಲಿ. ಹೊಗೆ ಎಳೆಯಲು ಸೂರಿನಿಂದ ಮೂಗಿನ ಮಟ್ಟಕ್ಕೆ ಇಳಿದ ಕೊಳವೆ. ಚಮಚ, ಕಡ್ಡಿಗಳು ಮೇಜಿನ ಪಕ್ಕದ ಡ್ರಾಯರಿನಲ್ಲಿ. ಆಮೇಲೆ ಬಂತು ಸಮ್‌ಗ್ಯೊಪ್ಸಲ್. ಕೊಬ್ಬು, ಮಾಂಸ ಪದರ ಪದರವಾಗಿರುವ ಹಂದಿಯ ಹೊಟ್ಟೆಭಾಗ. ಹೆಸರಿನಲ್ಲಿ ‘ಮೂರು’ ಇದೆ ಎಂಬ ಒಂದೇ ಕಾರಣಕ್ಕೆ ಕೊರಿಯನ್ನರು ಮಾರ್ಚ್ 3ನ್ನು ಇದಕ್ಕೇ ಮೀಸಲಿಟ್ಟು ತಿನ್ನುತ್ತಾರೆ. “ನೋಡಿ ಭಾವ, ನಾವು ತಿನ್ನದಿರೋಕೆ ದಿನ ಇಟ್ಕೊಂಡಿದ್ದೀವಿ, ಇವರು ತಿನ್ನೋಕೆ ಇಟ್ಕೊಂಡಿದ್ದಾರೆ” ಎಂದೆ. ಅವರು ಲೆಟಿಸ್ ಎಲೆ ಮುರಿದರು.

ಕೈ ಸುಮ್ಮನಿದ್ದರೆ ಮನಸ್ಸು ಸುಮ್ಮನಿರುವುದಿಲ್ಲ ಎಂದು ಅವರೇ ಇಕ್ಕಳ ತೆಗೆದುಕೊಂಡರು. ಇನ್ನೊಂದು ಕೈಗೆ ಕತ್ತರಿ. ಅಲ್ಲಿ ಮಾಂಸ ತುಂಡು ಮಾಡಲು ಚಾಕು ಇಲ್ಲ, ಕತ್ತರಿಯೇ. ಉಪವಾಸವಿದ್ದ ಬೀಗರು ಬಡಿಸಲು ನಿಂತ ಹಾಗೆ, ಒಂದೊಂದು ತುಂಡನ್ನೂ ಹದವಾಗಿ ಕೆಂಪಗೆ ಮಾಡಿ ನನ್ನ ತಟ್ಟೆಗೆ ಹಾಕುತ್ತಿದ್ದರು. ಪ್ರತಿ ತುಂಡಿಗೂ “ಹೇಗಿದೆ?” ಎಂದು ಕೇಳುವರು. “ಚೆನ್ನಾಗಿದೆ” ಎಂದರೆ ನೊಂದುಕೊಳ್ಳುವರು. “ಪರವಾಗಿಲ್ಲ” ಎಂದರೆ ಇನ್ನೂ ನೊಂದುಕೊಳ್ಳುವರು. ಎಲೆಯಲ್ಲಿ ಮಾಂಸ, ಬೆಳ್ಳುಳ್ಳಿ, ಸಮ್‌ಜಾಂಗ್ ಎಂಬ ಸೋಯಾ ಖಾರ ಇಟ್ಟು ಮಡಚಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುವುದು ಅಲ್ಲಿನ ಕ್ರಮ. ಈ ಕ್ರಮದಿಂದ ನನಗೊಂದು ಉಪಕಾರವೂ ಆಯಿತು: ಬಾಯಿ ತುಂಬಿದ್ದರೆ ಯಾವ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲ.

ಸೋಜು ಎಂಬ ಅಲ್ಲಿನ ಮದ್ಯ ಕುಡಿಯುವುದಕ್ಕೂ ಕ್ರಮವಿದೆ. ಹಿರಿಯರ ಎದುರು ಕಿರಿಯರು ಮುಖ ಪಕ್ಕಕ್ಕೆ ತಿರುಗಿಸಿ ಕುಡಿಯಬೇಕು. ಊರಿನಲ್ಲಾದರೆ ಭಾವನ ಕಣ್ಣು ತಪ್ಪಿಸಲು ತೋಟದ ತುದಿಯವರೆಗೆ ನಡೆಯಬೇಕಿತ್ತು. ಇಲ್ಲಿ ಕತ್ತು ತಿರುಗಿಸಿದರೆ ಮರ್ಯಾದೆ ಉಳಿಯಿತು.

ಭಾವನ ಪಾಲಿಗೆ ಸಿಕ್ಕಿದ್ದು ಬಂಚಾನ್, ಅಂದರೆ ನೆಂಚಿಕೊಳ್ಳಲು ಕೊಡುವ ಪುಟ್ಟ ಪುಟ್ಟ ತಟ್ಟೆಗಳು. ಇವಕ್ಕೆ ದುಡ್ಡಿಲ್ಲ, ಮುಗಿದರೆ ಮತ್ತೆ ತಂದಿಡುತ್ತಾರೆ. ಗಿರಾಕಿಗಳೆಲ್ಲ ಚಿಕ್ಕಮ್ಮ ಎಂದೇ ಕರೆಯುತ್ತಿದ್ದ ಬಡಿಸುವಾಕೆ, ಮಾಂಸ ತಿನ್ನದ ಈ ಮನುಷ್ಯನಿಗೆ ಏನೋ ಕಾಯಿಲೆಯಿರಬೇಕೆಂದು ಮರುಗಿ, ಕೋಸು ಹುಳಿ ಬರಿಸಿ ಮಾಡಿದ ಕಿಮ್ಚಿಯ ಮೇಲೆ ಕಿಮ್ಚಿ ತಂದಿಟ್ಟರು. “ಶುದ್ಧ ಕೋಸು, ಎಷ್ಟು ರುಚಿ ಬಂದಿದೆ ನೋಡು!” ಎಂದು ಭಾವ ಹೊಗಳಿದರು. ರುಚಿ ಬರದೆ ಏನು? ಸಾಮಾನ್ಯವಾಗಿ ಕಿಮ್ಚಿಗೆ ಉಪ್ಪು ಹಾಕಿದ ಸೀಗಡಿಯೋ ಮೀನಿನ ರಸವೋ ಬೀಳುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಬಾಯಿ ತುಂಬಿತ್ತು.

ಹನ್ನೆರಡು ಹೊಡೆಯಿತು. “ಭಾವ, ಭಾನುವಾರ ಬಂತು” ಎಂದೆ. ಅವರು ಇಕ್ಕಳ ಎತ್ತಿ ಹಿಡಿದು ಧರ್ಮಶಾಸ್ತ್ರ ಹೇಳಿದರು: “ನಮ್ಮ ಲೆಕ್ಕದಲ್ಲಿ ಸೂರ್ಯ ಹುಟ್ಟಿದ ಮೇಲೇ ವಾರ ಬದಲಾಗೋದು. ನಡುರಾತ್ರಿ ಬದಲಾಗೋದು ಇಂಗ್ಲಿಷಿನವರ ವಾರ.”

ಅಷ್ಟರಲ್ಲಿ ಚಿಕ್ಕಮ್ಮ ಬಂದು, ಇಳಿಜಾರಿನಲ್ಲಿ ಹರಿದು ನಿಂತ ಕೊಬ್ಬಿಗೆ ಅನ್ನ ಸುರಿದು, ಕತ್ತರಿಸಿದ ಕಿಮ್ಚಿ, ಉಳಿದ ಮಾಂಸದ ಚೂರು, ಒಣಗಿದ ಕಡಲಪಾಚಿಯ ಪುಡಿ ಹಾಕಿ ಹುರಿದರು. ಅಲ್ಲಿ ಊಟ ಮುಗಿಯುವುದೇ ಹೀಗೆ. ಅಡಿ ಹಿಡಿದು ಗರಿಗರಿಯಾದ ಅನ್ನದ ವಾಸನೆ ಎದ್ದಿತು. ಭಾವ ಸೂರಿನ ಕೊಳವೆಯನ್ನು ನೋಡಿದರು, ಗಡಿಯಾರ ನೋಡಿದರು. ಶಾಸ್ತ್ರದ ವಿಷಯ ಮತ್ತೆ ಎತ್ತಲಿಲ್ಲ, ಚಮಚ ಎತ್ತಿದರು.

ಎರಡನೇ ತುತ್ತಿಗೆ ಅಕ್ಕನ ಫೋನು. ಊರಿನಲ್ಲಿ ರಾತ್ರಿ ಎಂಟೂ ಮುಕ್ಕಾಲು. “ಊಟ ಆಯ್ತೇನ್ರೀ? ಇವತ್ತು ಶನಿವಾರ, ನೆನಪಿದೆ ತಾನೆ?”

“ಅದು ನಿಮ್ಮಲ್ಲಿ ಶನಿವಾರ. ಇಲ್ಲಿ ಭಾನುವಾರ ಹುಟ್ಟಿ ಕಾಲು ಗಂಟೆ ಆಯ್ತು. ನಾವು ನಿಮಗಿಂತ ಮೂರೂವರೆ ಗಂಟೆ ಮುಂದೆ ಇದ್ದೀವಿ ಕಣೇ” ಎಂದರು ಭಾವ ಗೆಲುವಿನಿಂದ.

ಅಕ್ಕ ಒಂದು ಗಳಿಗೆ ಯೋಚಿಸಿದಳು. “ಸರಿ, ತಿನ್ನಿ. ವಾಪಸು ಬರುವಾಗ ಆ ಮೂರೂವರೆ ಗಂಟೆ ನಿಮ್ಮ ಕೈಗೇ ಬರುತ್ತಲ್ಲ, ಆಗ ಉಪವಾಸ ಇರಿ.”