ಭಾವೀ ಶಾಸಕರು

ಕರ್ನಾಟಕದ ವಿಧಾನಸಭೆಗೆ 224 ಕ್ಷೇತ್ರಗಳಿಂದ 224 ಮಂದಿ ಚುನಾಯಿತರಾಗುವರೆಂದು ಕಾನೂನು ಬಲ್ಲವರು ಹೇಳುತ್ತಾರೆ. ಕ್ಷೇತ್ರಗಳನ್ನು ಬಲ್ಲವರ ಲೆಕ್ಕವೇ ಬೇರೆ. ಪ್ರತಿಯೊಂದು ಕ್ಷೇತ್ರದಲ್ಲಿಯೂ ಹಾಲಿ ಶಾಸಕರೊಬ್ಬರು, ಮಾಜಿ ಶಾಸಕರೊಬ್ಬರು ಇರುವಂತೆಯೇ, ಅವರಿಬ್ಬರಿಗಿಂತಲೂ ಅಧಿಕ ಸಂಖ್ಯೆಯಲ್ಲಿ, ಅಧಿಕತರವಾದ ಉತ್ಸಾಹದಲ್ಲಿ, ಭಾವೀ ಶಾಸಕರೂ ಇರುವರು. ಹಾಲಿಯವರಿಗೆ ಅವಧಿ ಮುಗಿಯುವ ಭೀತಿಯುಂಟು, ಮಾಜಿಯವರಿಗೆ ಪಿಂಚಣಿಯ ಸಮಾಧಾನವುಂಟು. ಭಾವಿಯವರ ಪದವಿಗೆ ಮಾತ್ರ ಆದಿಯುಂಟೇ ಹೊರತು ಅಂತ್ಯವೆಂಬುದಿಲ್ಲ.

ನಮ್ಮ ತಾಲ್ಲೂಕಿನ ಭಾವೀ ಶಾಸಕರು ಅಕ್ಕಿ ಗಿರಣಿಯ ಮಾಲೀಕರು. ಬಸ್ ನಿಲ್ದಾಣದೆದುರಿಗೆ ಅವರ ಜನ್ಮದಿನದ ಫ್ಲೆಕ್ಸು ಎದ್ದುದೇ ಅವರ ಸಾರ್ವಜನಿಕ ಜೀವನದ ಉದಯ. ಅದರಲ್ಲಿ ಕೈ ಮುಗಿದು ನಗುತ್ತಿರುವವರು ಅವರೇ. ಕೆಳಗೆ ಶುಭ ಕೋರಿದ ಅಭಿಮಾನಿ ಬಳಗವೂ, ಮುದ್ರಕನು ಹಣದ ಚೀಟಿಯನ್ನು ಕಳುಹಿಸಿದ ವಿಳಾಸವನ್ನು ನೋಡಿದರೆ, ಪ್ರಾಯಶಃ ಅವರೇ. ಅಂದಿನಿಂದ ತಾಲ್ಲೂಕಿನಲ್ಲಿ ಅವರಿಲ್ಲದೆ ಮಾಂಗಲ್ಯಧಾರಣೆಯಾದುದಿಲ್ಲ, ಅವರು ಹೆಗಲು ಕೊಡದೆ ಹೆಣವೆದ್ದುದಿಲ್ಲ.

ಆದರೆ 'ನಾನು ಚುನಾವಣೆಗೆ ನಿಲ್ಲುವೆನು' ಎಂದು ತಾವಾಗಿ ಆಡುವುದು ಈ ವರ್ಗದವರ ಶಿಷ್ಟಾಚಾರಕ್ಕೆ ವಿರುದ್ಧವಾದುದು. ನಿಲ್ಲಬೇಕೆಂದು ಕಾರ್ಯಕರ್ತರು ಒತ್ತಾಯಪಡಿಸತಕ್ಕದ್ದು, ಇವರು ಮಣಿಯತಕ್ಕದ್ದು. ಗಿರಣಿಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಊಟಕ್ಕೆ ಹೇಳಿ, ಹಿತೈಷಿಗಳ ಸಭೆಯನ್ನು ಕರೆದಾಗ, ಒತ್ತಾಯ ಪತ್ರವನ್ನು ಓದಲು ಎದ್ದ ಹುಡುಗನು ಎರಡನೆಯ ಸಾಲಿನಲ್ಲಿಯೇ ತಡವರಿಸಲು, ಗಲ್ಲುಶಿಕ್ಷೆಯನ್ನು ಕೇಳುವವರ ಗಾಂಭೀರ್ಯದಿಂದ ತಲೆ ತಗ್ಗಿಸಿ ಕುಳಿತಿದ್ದ ಭಾವೀ ಶಾಸಕರು, ತಲೆಯನ್ನೆತ್ತದೆಯೇ, ಮೂರನೆಯ ಸಾಲನ್ನು ಮೆಲ್ಲನೆ ಹೇಳಿಕೊಟ್ಟರು. ಅನಂತರ ಗದ್ಗದಿತರಾಗಿ, "ನಿಮ್ಮ ಮಾತನ್ನು ಮೀರುವ ಶಕ್ತಿ ನನಗಿಲ್ಲ, ಆದರೂ ಮನೆಯವರನ್ನು ಕೇಳಿ, ದೇವರನ್ನು ಕೇಳಿ, ಹೈಕಮಾಂಡನ್ನು ಕೇಳಿ ತಿಳಿಸುತ್ತೇನೆ" ಎಂದರು.

ಮನೆಯವರು, ಗಿರಣಿಯನ್ನು ಅಡವಿಡದಿದ್ದರೆ ಏನಾದರೂ ಮಾಡಿಕೊಳ್ಳಿರೆಂದರು. ದೇವರು ಎಡಗಡೆಯ ಹೂವನ್ನು ಬೀಳಿಸಿದನು. ದೇವರ ಎಡವೆಂದರೆ ಭಕ್ತನ ಬಲವೆಂದು ವ್ಯಾಖ್ಯಾನವಾಯಿತು. ಹೈಕಮಾಂಡಿನ ಪ್ರಸಾದ ಅಷ್ಟು ಸುಲಭವಲ್ಲ. 2023ರ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ಸಾಮಾನ್ಯ ವರ್ಗದ ಆಕಾಂಕ್ಷಿಗಳಿಂದ ಅರ್ಜಿಯೊಡನೆ 2 ಲಕ್ಷ ರೂಪಾಯಿಯ ಡಿ.ಡಿ.ಯನ್ನು ಪಡೆದುದು ಸರ್ವವಿದಿತ. ಇವರು ಅದನ್ನೂ ಕಟ್ಟಿದರು, ಅದೇ ವಾರದಲ್ಲಿ ಎದುರು ಪಕ್ಷದ ನಾಯಕರೊಬ್ಬರಿಗೆ ಸೇಬಿನ ಹಾರವನ್ನೂ ಹಾಕಿ ಬಂದರು.

ಇಷ್ಟೆಲ್ಲವನ್ನೂ ದಾಟಿ ಬಂದ ಸಂಕಲ್ಪವು ಕಡೆಗೆ ಒಂದು ಕಾಗದದೆದುರಿಗೆ ಮುಗ್ಗರಿಸುವುದು. ಅಭ್ಯರ್ಥಿಗಳ ಪೂರ್ವಾಪರವನ್ನು ತಿಳಿಯುವುದು ಮತದಾರರ ಹಕ್ಕೆಂದು 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ತರುವಾಯ ಬಳಕೆಗೆ ಬಂದ ಆ ಪ್ರಮಾಣಪತ್ರಕ್ಕೆ ನಮೂನೆ 26 ಎಂದು ಹೆಸರು. ತನ್ನ, ತನ್ನ ಪತ್ನಿಯ, ಅವಲಂಬಿತರ ಚರಾಸ್ತಿ, ಸ್ಥಿರಾಸ್ತಿ, ಸಾಲ, ತನ್ನ ಮೇಲಿನ ಮೊಕದ್ದಮೆ, ವಿದ್ಯಾರ್ಹತೆ, ಇವೆಲ್ಲವನ್ನೂ ಅದರಲ್ಲಿ ಪ್ರಮಾಣಪೂರ್ವಕ ಬರೆಯಬೇಕು. ಬರೆದುದನ್ನು ಲೋಕವೆಲ್ಲ ಓದಬಹುದು. ನಮ್ಮ ಮಹನೀಯರು ಬ್ಯಾಂಕಿಗೆ ಒಂದು ಆಸ್ತಿಯನ್ನು ಹೇಳಿದ್ದರು, ಆದಾಯ ತೆರಿಗೆಯವರಿಗೆ ಇನ್ನೊಂದನ್ನು, ಪಾಲು ಕೇಳಿದ ತಮ್ಮಂದಿರಿಗೆ ಮತ್ತೊಂದನ್ನು, ಮಗನಿಗೆ ಹೆಣ್ಣು ಕೊಟ್ಟ ಬೀಗರಿಗೆ ಮಗದೊಂದನ್ನು. ಪರಸ್ಪರ ಮುಖ ನೋಡದಂತೆ ಇಷ್ಟು ವರ್ಷ ಜೋಪಾನವಾಗಿ ಸಾಕಿದ ಈ ನಾಲ್ಕು ಲೆಕ್ಕಗಳನ್ನು ಒಂದೇ ಹಾಳೆಯ ಮೇಲೆ ಕೂಡಿಸಿ, ನೋಟರಿಯ ಮುಂದೆ ಸಹಿ ಹಾಕಬೇಕೆಂದಾಗ, ಚುನಾವಣಾ ವೆಚ್ಚಕ್ಕೆ 40 ಲಕ್ಷದ ಮಿತಿಯುಂಟೆಂದು ಕೇಳಿ ನಕ್ಕಿದ್ದವರು ಬೆವರಿದರು. ಎರಡು ಲಕ್ಷ ಮತದಾರರಿಗೆ ಅಂಜದವರು ಒಬ್ಬ ಬೀಗರಿಗೆ ಅಂಜಿದರು.

ಅವರ ಪುಣ್ಯಕ್ಕೆ ಬಿ ಫಾರಂ ಇನ್ನೊಬ್ಬರ ಪಾಲಾಯಿತು. ಒಡನೆಯೇ ಬಂಡಾಯದ ಕಹಳೆ ಮೊಳಗಿತು. ಪಕ್ಷೇತರರಿಗೆ ಹತ್ತು ಮಂದಿ ಸೂಚಕರು ಬೇಕೆಂಬುದು ನಿಯಮ; ಇಪ್ಪತ್ತು ಮಂದಿ ಸಿದ್ಧರಾದರು. ಠೇವಣಿಯ 10,000 ರೂಪಾಯಿ ಕಡತದೊಳಗೆ ಸೇರಿತು. ಕಡೆಯ ದಿನ, ಮೂರು ಗಂಟೆಗೆ ಚುನಾವಣಾಧಿಕಾರಿಗಳ ಬಾಗಿಲು ಮುಚ್ಚುವುದೆಂಬುದನ್ನು ಚೆನ್ನಾಗಿ ಬಲ್ಲ ಮೆರವಣಿಗೆಯು, ಡೊಳ್ಳು ತಮಟೆಗಳೊಡನೆ, ಅತ್ಯಂತ ನಿಧಾನವಾಗಿ ಹೊರಟಿತು. ಎರಡೂವರೆಗೆ ಬೆಂಗಳೂರಿನಿಂದ ದೂರವಾಣಿ ಬಂದಿತು. ನಿಗಮವೊಂದರ ಅಧ್ಯಕ್ಷತೆಯ ಪ್ರಸ್ತಾಪವಾಯಿತು. ಭಾವೀ ಶಾಸಕರು ಕಣ್ಣೊರೆಸಿಕೊಂಡು, ಪಕ್ಷದ ಹಿತಕ್ಕಾಗಿ ತ್ಯಾಗ ಮಾಡಿದೆನೆಂದು ತೆರೆದ ಜೀಪಿನಿಂದ ಸಾರಿದರು. ಸಲ ಸಲವೂ ನಿಂತು, ಸಲ ಸಲವೂ ಸೋತು, ಹೊಟ್ಟೆಪಕ್ಷದ ರಂಗಸ್ವಾಮಿಯವರು ನಾಡಿಗೆಲ್ಲ ಹೆಸರಾದರು. ನಮ್ಮವರು ಒಮ್ಮೆಯೂ ನಿಲ್ಲದೆ ತಾಲ್ಲೂಕಿಗೆ ತ್ಯಾಗಮೂರ್ತಿಗಳಾದರು. ಚಲಾವಣೆಯಾದ ಮತಗಳಲ್ಲಿ ಆರನೆಯ ಒಂದು ಪಾಲು ಬಾರದಿದ್ದವರ ಠೇವಣಿ ಸರಕಾರದ್ದಾಗುವುದೆಂಬ ಚಿಂತೆಯೂ ಅವರಿಗಿಲ್ಲ.

ಇದನ್ನೆಲ್ಲ ನೋಡಿ ನಗುವುದು ಸುಲಭ. ಆದರೆ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿಯ ಮೋಟಾರು ಸುಟ್ಟು, ಅರ್ಜಿಯ ಮೇಲೆ ಅರ್ಜಿ ಕೊಟ್ಟರೂ ಯಾರೂ ತಿರುಗಿ ನೋಡದಿದ್ದಾಗ, ತಮ್ಮ ಭಾವಚಿತ್ರವನ್ನು ಅಂಟಿಸಿದ ನೀರಿನ ಟ್ಯಾಂಕರನ್ನು ಕಳುಹಿಸಿದವರು ಇವರೇ. ಆ ಟ್ಯಾಂಕರಿನ ಸುದ್ದಿ ಹಾಲಿ ಶಾಸಕರ ಕಿವಿಗೆ ಬಿದ್ದ ಮರುದಿನವೇ ಹೊಸ ಮೋಟಾರು ಬಂದಿತು. ಗೆದ್ದವರಿಂದ ಕೆಲಸ ತೆಗೆಯುವುದಕ್ಕೆ, ಗೆಲ್ಲಬಹುದಾದವರೊಬ್ಬರು ಬೆನ್ನ ಹಿಂದೆ ಸುಳಿದಾಡುತ್ತಿರುವುದು ಅತ್ಯಾವಶ್ಯಕ. ಆದರೆ ಅವರೂ ಗೆದ್ದುಬಿಟ್ಟರೆ ಟ್ಯಾಂಕರೂ ಹೋಯಿತು, ಮೋಟಾರೂ ಹೋಯಿತು. ಆದುದರಿಂದ ವಿವೇಕಿಯಾದ ಮತದಾರನು ಐದು ವರ್ಷಗಳ ಕಾಲ ಇವರನ್ನು ಕಂಡಾಗಲೆಲ್ಲ 'ಈ ಸಲ ನೀವು ನಿಲ್ಲಲೇಬೇಕು ಸ್ವಾಮಿ' ಎಂದು ಒತ್ತಾಯಿಸತಕ್ಕದ್ದು. ನಾಮಪತ್ರದ ದಿನ ಸಮೀಪಿಸಿದೊಡನೆ ಅವರ ಬೀಗರನ್ನು ಊರಿಗೆ ಕರೆಸತಕ್ಕದ್ದು.