ಜಗಲಿಯ ಮೇಲಣ ವಿಶ್ವಕಪ್ಪು

ದೋಹಾ ನಗರದಲ್ಲಿ ಯೌವನವನ್ನೆಲ್ಲ ವ್ಯಯಿಸಿ, ವೀಸಾವನ್ನೂ ಕೇಶರಾಶಿಯನ್ನೂ ಏಕಕಾಲಕ್ಕೆ ಕಳೆದುಕೊಂಡು ಉಡುಪಿಗೆ ಮರಳಿದ ಶೆಟ್ಟರು, 2022ರ ನವೆಂಬರ್ 20 ಸಮೀಪಿಸುತ್ತಿರಲು, ಮಗಳ ಲಗ್ನಕ್ಕೂ ತೋರದಿದ್ದ ಆತುರದಿಂದ ಜಗಲಿಯಲ್ಲಿ ಶತಪಥ ಹಾಕುತ್ತಿದ್ದರು.

"ಐತಾಳರೇ, ನಮ್ಮ ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ಪು! 32 ತಂಡ, 8 ಕ್ರೀಡಾಂಗಣ. ಅದರಲ್ಲೊಂದನ್ನು ಹಡಗಿನ ಕಂಟೇನರುಗಳಿಂದ ಕಟ್ಟಿದ್ದಾರಂತೆ!"

"ತಮಗೆ ಅಲ್ಲಿಯ ಪೌರತ್ವ ಲಭಿಸಿತ್ತೇ, ಶೆಟ್ಟರೇ?"

"ಅದೆಲ್ಲಿಯ ಮಾತು! ಊರಿಗೆ ಬರಬೇಕಾದರೂ ಧಣಿಯ ಅನುಮತಿಪತ್ರ ಬೇಕಿತ್ತು. ಆದರೂ ಮಮತೆಯೆಂಬುದು ಕಾಗದಪತ್ರ ಕೇಳೀತೇ?"

"ಆ ಮರುಭೂಮಿಯ ಉರಿಯಲ್ಲಿ ಆಡುವುದೆಂತು?"

"ಅದಕ್ಕಾಗಿಯೇ ಪಂದ್ಯಗಳನ್ನು ಬೇಸಗೆಯಿಂದ ಚಳಿಗಾಲಕ್ಕೆ ಸರಿಸಿ, ಅಷ್ಟೂ ಸಾಲದೆಂದು ಬಯಲಿಗೇ ತಂಪುಗಾಳಿ ಬೀಸುವ ಏರ್ಪಾಡು ಮಾಡಿದ್ದಾರೆ."

"ಕಟ್ಟಿದ ಕೂಲಿಗಳಿಗೂ ಆ ಗಾಳಿ ಬೀಸಿತ್ತೇ?"

ಶೆಟ್ಟರು ಕೆಮ್ಮಿದರು. (ಕೊಲ್ಲಿಯಿಂದ ಮರಳಿದವರಿಗೆ ಇಂತಹ ಪ್ರಸಂಗಗಳಲ್ಲಿ ಕೆಮ್ಮು ಆಪದ್ಬಾಂಧವನಂತೆ ಒದಗುವುದನ್ನು ನಾನು ಬಲ್ಲೆ.) "ಬೇಸಗೆಯ ನಡುಹಗಲಲ್ಲಿ ಅವರಿಗೆ ವಿರಾಮ ಕೊಡಬೇಕೆಂಬ ಕಾನೂನಿತ್ತು, ಐತಾಳರೇ; ಕಾನೂನು ಬಹಳ ಚೊಕ್ಕವಾಗಿ ಅಚ್ಚಾಗಿತ್ತು."

"ಇರಲಿ, ಕತಾರು ಗೆದ್ದೀತೇ?"

"ಅದೊಂದನ್ನುಳಿದು ಬೇರೇನಾದರೂ ಕೇಳಿ. ನಾನು ಅರ್ಜೆಂಟೀನದ ಪಕ್ಷ."